ಸ್ಪಷ್ಟನೆ: ಸಿಲಿಂಡರ್ ತಂದವರಿಗೆ ಬಿಲ್ಲಿಗಿಂತ ಹೆಚ್ಚು ಕೊಡಲೇಬೇಕೆ?

‘ಗ್ಯಾಸ್ ಮನೆಗೆ ತಂದರೆ ಡೆಲಿವರಿ ಚಾರ್ಜ್ ಬೇರೆ, 50 ರೂಪಾಯಿ ಕೊಡಲೇಬೇಕು’ ಎಂಬ ಮಾತು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. 14.2 ಕೆಜಿ ಸಿಲಿಂಡರಿನ ಬೆಲೆಯಲ್ಲಿ ವಿತರಕರ ಕಮಿಷನ್ ಸೇರಿದೆ. ಮನೆಬಾಗಿಲಿಗೆ ತಲುಪಿಸುವ ಖರ್ಚು ಅದರೊಳಗೇ ಇದೆ. ಏಜೆನ್ಸಿಯ ವ್ಯಾಪ್ತಿಯಲ್ಲಿ ಬಿಲ್ಲಿನಲ್ಲಿ ಅಚ್ಚಾದಷ್ಟೇ ಕೊಡಿ. ಗೋದಾಮಿಗೆ ನೀವೇ ಹೋಗಿ ತಂದರೆ ಆ ಖರ್ಚನ್ನು ಬಿಲ್ಲಿನಲ್ಲಿ ಕಳೆಯಬೇಕು. ಇದನ್ನು ಕೇಳಿ ಪಡೆಯುವವರೇ ಕಡಿಮೆ.

ಹಣ ಕೊಡುವ ಮುಂಚೆ ತೂಕ ಹಾಕಿಸಿ. ತಕ್ಕಡಿ ತರುವುದು ಅವರ ಕೆಲಸ. ಹಿಡಿಕೆಯ ಪಟ್ಟಿಯ ಮೇಲೆ ಖಾಲಿ ಸಿಲಿಂಡರಿನ ತೂಕ ಬರೆದಿರುತ್ತದೆ, ಅದು 15.3 ಇದ್ದರೆ ತಕ್ಕಡಿ ಹತ್ತಿರಹತ್ತಿರ 29.5 ತೋರಿಸಬೇಕು. ಸೀಲ್ ತೆಗೆಸಿ ವಾಲ್ವ್ ಒಳಗೆ ರಬ್ಬರ್ ರಿಂಗ್ ಇದೆಯೇ ನೋಡಿ. ಅದು ಇಲ್ಲದಿದ್ದರೆ ಅಥವಾ ಹರಿದಿದ್ದರೆ ರೆಗ್ಯುಲೇಟರ್ ಕೂರಿಸಿದಾಗ ಗ್ಯಾಸ್ ಸೋರುತ್ತದೆ. ಮೊಬೈಲಿಗೆ ಬಂದ ಕೋಡ್ ಹೇಳುವುದು ಇದೆಲ್ಲ ಮುಗಿದ ಮೇಲೆ.

ಮೂರು ಮಹಡಿ ಹತ್ತಿಸಿದವರಿಗೆ (ಹೆಗಲ ಮೇಲೆ ಸುಮಾರು 30 ಕೆಜಿ!) ಖುಷಿಯಿಂದ ಇಪ್ಪತ್ತೋ ಮೂವತ್ತೋ ಕೊಟ್ಟರೆ ಯಾರ ಅಡ್ಡಿಯೂ ಇಲ್ಲ. ಕೊಡಲಿಲ್ಲವೆಂದು ಸಿಲಿಂಡರ್ ವಾಪಸ್ ಒಯ್ದರೆ ಮಾತ್ರ 1800-2333-555ಕ್ಕೆ ದೂರು ಕೊಡಿ. 1906 ಇರುವುದು ಸೋರಿಕೆಯ ತುರ್ತಿಗೆ, ಇದಕ್ಕಲ್ಲ.