ಬೇಲಿ ಬದಿಯ ಬಿಳಿ ಹೂವು ಎಲ್ಡರ್‌ಫ್ಲವರ್ ಅಲ್ಲ

ತೀರ್ಥಹಳ್ಳಿ, ಆಗುಂಬೆ ಕಡೆ ಬೇಲಿ ಸಾಲಲ್ಲಿ ಬಿಡುವ ಬಿಳಿ ಗೊಂಚಲು ಹೂವೇ ಎಲ್ಡರ್‌ಫ್ಲವರ್, ಕಿತ್ತು ಸಕ್ಕರೆ ನೀರಲ್ಲಿ ನೆನೆಸಿ ಗಾಜಿನ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿಟ್ಟರೆ ಸೋಡಾ ಶರಬತ್ತು ರೆಡಿ ಅಂತ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಹೂವೂ ತಪ್ಪು, ಬಾಟಲಿಯೂ ತಪ್ಪು.

ಎಲ್ಡರ್‌ಫ್ಲವರ್ ಅಂದರೆ ಎಲ್ಡರ್ ಅನ್ನುವ ಯುರೋಪಿನ ಗಿಡದ ಹೂವು. ಆ ಗಿಡ ಅಲ್ಲಿ ಮೇ-ಜೂನ್‌ನಲ್ಲಿ ಹೂ ಬಿಡುತ್ತದೆ. ಗುರುತಿಲ್ಲದ ಹೂವನ್ನು ಸುಮ್ನೆ ಬಾಯಿಗೆ ಹಾಕಬೇಡಿ. ನಿಜವಾದ ಎಲ್ಡರ್‌ನಲ್ಲೂ ಎಲೆ, ಕಡ್ಡಿ ವಿಷವೇ, ಹೊಟ್ಟೆಗೆ ಹೋದರೆ ಸಯನೈಡ್ ಬಿಡುವ ಅಂಶ ಅದರಲ್ಲಿದೆ. ಅದಕ್ಕೇ ಅಲ್ಲಿಯವರು ಹಸಿರು ತೊಟ್ಟು ಕತ್ತರಿಸಿ, ಹೂವನ್ನಷ್ಟೇ ಸಕ್ಕರೆ ಪಾಕ, ನಿಂಬೆಹಣ್ಣಿನ ಜೊತೆ ಒಂದು ದಿನ ನೆನೆಸಿ ಬಟ್ಟೆಯಲ್ಲಿ ಸೋಸುತ್ತಾರೆ.

ಇನ್ನು ಗ್ಯಾಸ್. ಹೂವಿನ ಮೇಲಿರುವ ಯೀಸ್ಟ್ ಸಕ್ಕರೆ ತಿಂದು ಗ್ಯಾಸ್ ಬಿಡುತ್ತದೆ. ಸ್ವಲ್ಪ ಆಲ್ಕೋಹಾಲೂ ಆಗುತ್ತದೆ, ಮಕ್ಕಳಿಗೆ ಕೊಡುವ ಮುಂಚೆ ಗೊತ್ತಿರಲಿ. ಮುಚ್ಚಳ ಬಿಗಿ ಮಾಡಿದರೆ ಆ ಗ್ಯಾಸ್ ಎಲ್ಲಿಗೆ ಹೋಗಬೇಕು? ಮಾಮೂಲಿ ಗಾಜಿನ ಬಾಟಲಿ ಸಿಡಿದು ಚೂರು ಹಾರುತ್ತದೆ, ಏಪ್ರಿಲ್ ಸೆಕೆಯಲ್ಲಂತೂ ಇನ್ನೂ ಬೇಗ. ನಿಜವಾದ ಎಲ್ಡರ್ ಹೂವು ಸಿಕ್ಕಿ ಮಾಡಲೇಬೇಕು ಅಂದರೆ ಸೋಡಾದ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ, ಒತ್ತಿದಾಗ ಕಲ್ಲಿನ ಹಾಗಾಗಿದ್ದರೆ ಮುಚ್ಚಳ ತುಸು ಸಡಿಲಿಸಿ ಗ್ಯಾಸ್ ಬಿಟ್ಟು ಫ್ರಿಜ್ಜಿನಲ್ಲಿಡಿ.

ಮನೆಯಲ್ಲಿ ಮುರುಗಲು ಸಿಪ್ಪೆ ಇದೆ ಅಲ್ವಾ? ಅದನ್ನೇ ಪಾಕ ಮಾಡಿ, ಕುಡಿಯುವಾಗ ಸೋಡಾ ಬೆರೆಸಿ. ನನಗಂತೂ ಅದರ ರುಚಿಯೇ ಜಾಸ್ತಿ ಇಷ್ಟ.