ಸ್ಪಷ್ಟನೆ: ಆ ಚಾರ್ಲಿ ಪಾರ್ಕರ್ ವಿಡಿಯೊ ‘ಲೈವ್’ ಅಲ್ಲ

ಅಮೆರಿಕದ ಜಾಝ್ ಸಂಗೀತಗಾರರಾದ ಚಾರ್ಲಿ ಪಾರ್ಕರ್ ಮತ್ತು ಕೋಲ್ಮನ್ ಹಾಕಿನ್ಸ್ ಒಟ್ಟಿಗೆ ಸ್ಯಾಕ್ಸೊಫೋನ್ ನುಡಿಸುವ ಕಪ್ಪುಬಿಳುಪು ವಿಡಿಯೊವೊಂದು ‘1950ರ ಲೈವ್ ಕಛೇರಿ’ ಎಂಬ ತಲೆಬರಹದೊಂದಿಗೆ ಹರಿದಾಡುತ್ತಿದೆ. ಅದು ಕಛೇರಿಯೇ ಅಲ್ಲ. ಜಾಝ್ ಕಛೇರಿಗಳ ಆಯೋಜಕ ನಾರ್ಮನ್ ಗ್ರಾಂಝ್ ನಿರ್ಮಿಸಲು ಹೊರಟಿದ್ದ ಚಿತ್ರಕ್ಕಾಗಿ ಛಾಯಾಗ್ರಾಹಕ ಜಾನ್ ಮಿಲಿ ನ್ಯೂಯಾರ್ಕ್‌ನಲ್ಲಿ ತೆಗೆದ ದೃಶ್ಯ. ಧ್ವನಿಯನ್ನು ಮೊದಲೇ ಮುದ್ರಿಸಿಕೊಂಡು, ಕ್ಯಾಮೆರಾ ಮುಂದೆ ಇಬ್ಬರೂ ನುಡಿಸಿದಂತೆ ನಟಿಸಿದ್ದಾರೆ. ನಮ್ಮ ಸಿನಿಮಾ ಹಾಡಿನ ಚಿತ್ರೀಕರಣದ ಹಾಗೇ. ಹಾಕಿನ್ಸ್ ‘ನುಡಿಸುವಾಗ’ ಪಾರ್ಕರ್ ಮುಸಿಮುಸಿ ನಗುವುದನ್ನು ಗಮನಿಸಿ. ಚಿತ್ರ ಅರ್ಧಕ್ಕೇ ನಿಂತಿತು.

ಹಾಗೆಂದು ವಿಡಿಯೊ ನಕಲಿಯೇನಲ್ಲ, ಆ ವಾದವೂ ತಪ್ಪು. ಮನುಷ್ಯರು ಅವರೇ, ಸಂಗೀತವೂ ಅವರದೇ.

ಪಾರ್ಕರ್ ನಿಜಕ್ಕೂ ನುಡಿಸುತ್ತಿರುವಾಗಲೇ ಧ್ವನಿ ಸಮೇತ ಸೆರೆಯಾದದ್ದು ಬೇಕಿದ್ದರೆ 1952ರ ಫೆಬ್ರವರಿ 24ರ ಅಮೆರಿಕದ ಡುಮಾಂಟ್ ಟಿವಿ ವಾಹಿನಿಯ ಪ್ರಸಾರ ನೋಡಿ. ಟ್ರಂಪೆಟ್ ವಾದಕ ಡಿಝಿ ಗಿಲೆಸ್ಪಿ ಜತೆಗಿದ್ದಾರೆ, ಪಿಯಾನೊದಲ್ಲಿ ಡಿಕ್ ಹೈಮನ್. ಪ್ರಶಸ್ತಿ ಫಲಕ ಕೊಟ್ಟ ನಿರೂಪಕ ಅರ್ಲ್ ವಿಲ್ಸನ್ ಏನಾದರೂ ಹೇಳುವಿರಾ ಎಂದರೆ, ಮಾತಿಗಿಂತ ಸಂಗೀತವೇ ಜೋರು ಎಂಬರ್ಥದಲ್ಲಿ ಪಾರ್ಕರ್ ತಣ್ಣಗೆ ಉತ್ತರಿಸುತ್ತಾರೆ. ಆಮೇಲೆ ಮುಖದಲ್ಲಿ ಒಂದು ಗೆರೆಯೂ ಕದಲದು, ಬೆರಳುಗಳದೇ ಓಟ.

ಹಳೆಯ ವಿಡಿಯೊ ಹಂಚಿಕೊಂಡವರು ಅಳಿಸಬೇಕಿಲ್ಲ, ‘ಲೈವ್’ ಎಂಬುದನ್ನಷ್ಟೇ ತೆಗೆದರೆ ಸಾಕು.