ನಾಲ್ಕು ಕೆರೆ ನೀರು ಕುಡಿದ ಐಸ್

ಊರಿನವರಿಗೆ ನಿಯತ್ತು ಸಾಲದು. ಟೀಮ್ ಸಾಕುವ ದೊಡ್ಡವರು ಗಂಟುಮೂಟೆ ಕಟ್ಟುವ ಮೊದಲು ಹೀಗೊಂದು ಮಾತು ಬಿಸಾಕಿ ಹೋಗುತ್ತಾರೆ. ಕೆನಡಾದ ಕೂಟ್ನಿ ಐಸ್ ಎಂಬ ಜೂನಿಯರ್ ಐಸ್ ಹಾಕಿ ಟೀಮಿನ ಚರಿತ್ರೆ ಓದಿದ ಮೇಲೆ, ಈ ನಿಯತ್ತನ್ನು ಅಳೆಯುವ ಸೇರು ಯಾರ ಮನೆಯಲ್ಲಿದೆ ಅಂತ ಹೋಗಿ ನೋಡಬೇಕೆನಿಸಿತು.

ಮೊದಲು ಜೂನಿಯರ್ ಅಂದರೇನು ಹೇಳಿಬಿಡುತ್ತೇನೆ. ಹದಿನಾರರಿಂದ ಇಪ್ಪತ್ತರ ಹುಡುಗರು. ಮನೆ ಬಿಟ್ಟು ಎಲ್ಲೋ ದೂರದ ಊರಿಗೆ ಬಂದು, ಅಲ್ಲಿನ ಯಾರದೋ ಮನೆಯಲ್ಲಿ ಮಗನ ಹಾಗೆ ಇರುತ್ತಾರೆ. ಆ ಮನೆಯವರು ಬೆಳಗ್ಗೆ ತಿಂಡಿ ಕೊಟ್ಟು, ಬೆವರು ನಾರುವ ಕಿಟ್ ಬ್ಯಾಗನ್ನು ಬಾಗಿಲ ಹಿಂದೆ ಸಹಿಸಿಕೊಂಡು, ಸಂಜೆ ಮ್ಯಾಚಿಗೂ ಹೋಗಿ ಕೂಗುತ್ತಾರೆ. ಹುಡುಗರಿಗೆ ಸಿಗುವುದು ಕೈಖರ್ಚಿನ ಕಾಸು. ಅದಕ್ಕೆ ಸಂಬಳ ಅನ್ನುವ ಹಾಗಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯ 2015ರಲ್ಲಿ, ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2016ರಲ್ಲಿ, ಇವರಿಗೆ ಕನಿಷ್ಠ ವೇತನದ ಕಾನೂನು ಅನ್ವಯಿಸುವುದಿಲ್ಲ ಅಂತ ಬರೆದೇ ಇಟ್ಟವು. ಟಿಕೆಟ್ ಮಾರುವಾಗ ಅದು ವ್ಯವಹಾರ. ಸಂಬಳ ಕೇಳಿದಾಗ ಮಕ್ಕಳ ಆಟ. ಎಂಥ ಅನುಕೂಲ ಅಲ್ವಾ?

ಈ ಟೀಮ್ ಶುರುವಾದದ್ದು 1996ರಲ್ಲಿ, ಎಡ್ಮಂಟನ್ ಐಸ್ ಅನ್ನುವ ಹೆಸರಲ್ಲಿ. ಮಾಲೀಕರು ಎಡ್ ಚಿನೋವೆತ್. ಈ ಟೀಮ್ ಆಡುತ್ತಿದ್ದ ವೆಸ್ಟರ್ನ್ ಹಾಕಿ ಲೀಗ್ ಎಂಬ ಜೂನಿಯರ್ ಲೀಗನ್ನು ವರ್ಷಗಟ್ಟಲೆ ನಡೆಸಿದ ಹಿರಿಯರು. ಎಡ್ಮಂಟನ್ನಿನಲ್ಲಿ ದೊಡ್ಡವರ ವೃತ್ತಿಪರ ಲೀಗಿನ ಆಯಿಲರ್ಸ್ ಎಂಬ ದೊಡ್ಡಣ್ಣ ಆಗಲೇ ಕೂತಿದ್ದ. ಎರಡೇ ಸೀಸನ್ನಿಗೆ ಐಸ್ ಅಲ್ಲಿಂದ ಎದ್ದಿತು. 1998ರಲ್ಲಿ ರಾಕಿ ಪರ್ವತಗಳ ಮಡಿಲಿನ ಕ್ರಾನ್‌ಬ್ರೂಕ್ ಎಂಬ ಪುಟ್ಟ ಊರಿಗೆ ಬಂದು ಕೂಟ್ನಿ ಐಸ್ ಆಯಿತು.

ಪುಟ್ಟ ಊರು ನಿಯತ್ತು ತೋರಿಸಿದ್ದು ಸಾಲದೇ? 2000ದಲ್ಲಿ ನಾಲ್ಕು ಸಾವಿರಕ್ಕೂ ಜಾಸ್ತಿ ಸೀಟಿನ ಹೊಸ ರಿಂಕ್, ಅಂದರೆ ಐಸ್ ಹಾಕಿ ಆಡುವ ಅಂಗಳ, ಎದ್ದು ನಿಂತಿತು. ಟೀಮೂ ಸುಮ್ನೆ ಕೂರಲಿಲ್ಲ. 2000, 2002, 2011, ಮೂರು ಸಲ ಲೀಗ್ ಗೆದ್ದಿತು. 2002ರಲ್ಲಂತೂ ಗ್ವೆಲ್ಫ್‌ನಲ್ಲಿ ವಿಕ್ಟೋರಿಯಾವಿಲ್ ಟೀಮನ್ನು 6-3ರಿಂದ ಸೋಲಿಸಿ ಮೆಮೋರಿಯಲ್ ಕಪ್ಪನ್ನೇ ಎತ್ತಿತು. ಜೂನಿಯರ್ ಹಾಕಿಯಲ್ಲಿ ಅದಕ್ಕಿಂತ ಮೇಲೆ ಇನ್ನೇನೂ ಇಲ್ಲ. ಲೀಗ್ ಗೆದ್ದವರಿಗೆ ಕೊಡುವ ಕಪ್ಪಿಗೆ ಇವತ್ತು ಚಿನೋವೆತ್ ಅವರದ್ದೇ ಹೆಸರು.

2017ರಲ್ಲಿ ಅವರ ಮನೆಯವರು ಟೀಮ್ ಮಾರಿದರು. ಕೊಂಡವರು ವಿನ್ನಿಪೆಗ್ ಕಡೆಯವರು. ಬಂದವರೇ ಊರಿಗೊಂದು ಪರೀಕ್ಷೆ ಇಟ್ಟರು. 2,500 ಸೀಸನ್ ಟಿಕೆಟ್ ಮಾರಾಟವಾಗಬೇಕು, ಕಮಾನ್! ಕ್ರಾನ್‌ಬ್ರೂಕ್ ಜನಸಂಖ್ಯೆ ಸುಮಾರು 20,000. ಅಂದರೆ ಹಾಲು ಕುಡಿಯುವ ಕೂಸಿನಿಂದ ಹಿಡಿದು ಹಲ್ಲಿಲ್ಲದ ಅಜ್ಜಿಯವರೆಗೆ ಪ್ರತಿ ಎಂಟು ಜನರಲ್ಲಿ ಒಬ್ಬರು ಇಡೀ ಸೀಸನ್ನಿನ ದುಡ್ಡನ್ನು ಮುಂಗಡ ಕಟ್ಟಬೇಕು. ಇದೇ ಲೆಕ್ಕವನ್ನು ಏಳು ಲಕ್ಷ ಜನರ ವಿನ್ನಿಪೆಗ್‌ಗೆ ಹಾಕಿದರೆ ಎಂಬತ್ತೇಳು ಸಾವಿರ ಟಿಕೆಟ್ ಆಗುತ್ತದೆ. ಅದನ್ನು ಯಾರೂ ಕೇಳಲಿಲ್ಲ ಬಿಡಿ. ದೊಡ್ಡ ಊರಿಗೆ ಪರೀಕ್ಷೆ ಇರುವುದಿಲ್ಲ, ನೇರ ಪಾಸು.

2019ರ ಜನವರಿ 29ಕ್ಕೆ ಫಲಿತಾಂಶ ಬಂತು. ಕ್ರಾನ್‌ಬ್ರೂಕ್ ಫೇಲು. ಟೀಮ್ ವಿನ್ನಿಪೆಗ್‌ಗೆ ಹೊರಟಿತು. ಸೀಸನ್ ಇನ್ನೂ ಮುಗಿದಿರಲಿಲ್ಲ. ಹೊರಡುತ್ತೇವೆ ಅಂತ ಸಾರಿದ ಮೇಲೂ ಉಳಿದ ಮ್ಯಾಚುಗಳನ್ನು ಅದೇ ಊರಲ್ಲಿ, ಅದೇ ಜನರ ಮುಂದೆ ಆಡಬೇಕಿತ್ತು. ಹುಡುಗರು ಅದೇ ಮನೆಗಳಲ್ಲಿ ತಿಂಡಿ ತಿನ್ನಬೇಕಿತ್ತು. ತಪ್ಪು ಅವರದ್ದೇನೂ ಅಲ್ಲ, ಪಾಪ. ಆದರೂ ಆ ತಿಂಗಳುಗಳಲ್ಲಿ ತಟ್ಟೆ ಮುಂದೆ ಕೂತು ಏನು ಮಾತಾಡಿಕೊಂಡರೋ!

ಇನ್ನು ವಿನ್ನಿಪೆಗ್ ಎಂಬ ಮಹಾ ಮಾರುಕಟ್ಟೆಗೆ ಬನ್ನಿ. ಅಲ್ಲಿ ದೊಡ್ಡ ಲೀಗಿನ ಜೆಟ್ಸ್ ಇದೆ, ಅದರ ಕೆಳಗಿನ ಲೀಗಿನ ಮೂಸ್ ಇದೆ. ಹಾಕಿ ನೋಡುವವನ ಜೇಬಿಗೆ ಆಗಲೇ ಎರಡು ಕೈ ಬಿದ್ದಿವೆ. ಮೂರನೆಯದಾಗಿ ಹೋದ ಐಸ್ ಆಡಿದ್ದು ಎಲ್ಲಿ? ಯೂನಿವರ್ಸಿಟಿಯೊಂದರ ರಿಂಕಿನಲ್ಲಿ. ಅಲ್ಲಿದ್ದ ಸೀಟು ಎರಡು ಸಾವಿರಕ್ಕೂ ಕಡಿಮೆ. ಕ್ರಾನ್‌ಬ್ರೂಕ್‌ನವರಿಂದ ಕೇಳಿದ್ದ ಆ 2,500 ಜನ ನಿಯತ್ತಾಗಿ ಟಿಕೆಟ್ ಹಿಡಿದು ಇಲ್ಲಿಗೆ ಬಂದಿದ್ದರೆ, ಐನೂರಕ್ಕೂ ಜಾಸ್ತಿ ಜನ ಹೊರಗೆ ಹಿಮದಲ್ಲಿ ನಿಲ್ಲಬೇಕಿತ್ತು.

ಇದೆಲ್ಲ ತಾತ್ಕಾಲಿಕ, ಹೊಸ ರಿಂಕ್ ಕಟ್ಟುತ್ತೇವೆ ಅಂದರು. ಕೂಸು ಹುಟ್ಟುವ ಮುಂಚೆ ಕುಲಾವಿ. ಎಷ್ಟು ಸೀಟಿನದ್ದು ಅಂದರೆ ನಾಲ್ಕು ಸಾವಿರಕ್ಕೂ ಜಾಸ್ತಿ. ಅಂದರೆ ಕ್ರಾನ್‌ಬ್ರೂಕ್‌ನಲ್ಲಿ ಬಿಟ್ಟು ಬಂದಷ್ಟೇ! ಆ ಕೂಸು ಕೊನೆಗೂ ಹುಟ್ಟಲಿಲ್ಲ.

ಆಡುವ ಹುಡುಗರು ಮಾತ್ರ ಜೋರಾಗಿದ್ದರು. 2022 ಮತ್ತು 2023ರಲ್ಲಿ ಲೀಗ್ ಹಂತದ ಪಟ್ಟಿಯಲ್ಲಿ ಇವರೇ ಮೊದಲು. 2023ರ ಮೇ ತಿಂಗಳಲ್ಲಿ ಫೈನಲ್ ತಲುಪಿ ಸಿಯಾಟಲ್ ಎದುರು ಸೋತರು. ಮುಂದಿನ ತಿಂಗಳೇ ಟೀಮ್ ಮತ್ತೆ ಮಾರಾಟ. ಸೋತ ಬೇಸರ ಆರುವಷ್ಟರಲ್ಲಿ ಮನೆಯೇ ಇಲ್ಲ.

ಈ ಸಲ ಹೋಗಿದ್ದೆಲ್ಲಿಗೆ ಗೊತ್ತಾ? ಸಣ್ಣ ಊರು ಸಾಕಾಗುವುದಿಲ್ಲ ಅಂತ ಬಿಟ್ಟು ಬಂದ ಟೀಮ್, ಅಮೆರಿಕದ ವೆನಾಚಿ ಎಂಬ ಸೇಬಿನ ಊರಿಗೆ ಹೋಯಿತು. ಅದರ ಜನಸಂಖ್ಯೆ ಸುಮಾರು 35,000. ಅಲ್ಲಿ ರಿಂಕ್ ಇತ್ತು, ಅದೂ ನಾಲ್ಕು ಸಾವಿರ ಚಿಲ್ಲರೆ ಸೀಟಿನದ್ದು. ಅದನ್ನು ಕಟ್ಟಿಸಿದ ಸಾಲ ತೀರಿಸಲಾಗದೆ 2011ರಲ್ಲಿ ಕೈಯೆತ್ತಿ, ಆಮೇಲೆ ಜನರ ಮೇಲೆ ಮಾರಾಟ ತೆರಿಗೆ ಏರಿಸಿದ ಊರು ಅದು. ಅಲ್ಲಿ ವೈಲ್ಡ್ ಅನ್ನುವ ಇನ್ನೊಂದು ಟೀಮ್ ಬೇರೆ ಲೀಗಿನಲ್ಲಿ ಮೊದಲಿಂದ ಆಡುತ್ತಿತ್ತು. ಅದರ ಮಾಲೀಕರೇ ಐಸನ್ನು ಕೊಂಡರು. ವೈಲ್ಡ್ ಹೆಸರು ಉಳಿಯಿತು, ಐಸ್ ಹೆಸರು ಹೋಯಿತು.

ಕ್ರಾನ್‌ಬ್ರೂಕ್ ರಿಂಕಿನಲ್ಲಿ 2020ರಿಂದ ಬಕ್ಸ್ ಎಂಬ ಬೇರೆ ಟೀಮ್ ಇದೆ. ಅಂದ ಹಾಗೆ, ಐಸ್ ಆ ಊರು ಬಿಟ್ಟಾಗ ರಿಂಕಿನ ಕರಾರು ಇನ್ನೂ ಮುಗಿದಿರಲಿಲ್ಲ, ನಗರಸಭೆ ವಕೀಲರನ್ನು ಹಿಡಿಯಬೇಕಾಯಿತು. ಕರಾರಿನ ಅವಧಿ 2023ರವರೆಗಿತ್ತು.